ಇ-ಸಿಗರೇಟ್ ಸೇದಿ ಸಿಗರೇಟು ಬಿಡಬಹುದಾ? ರೇಷ್ಮೆ ಹುಳು ಸಾಕೋ ಮನೆಗೆ ಅದು ಆಗಿಬರುತ್ತಾ?

ಹುಳುಮನೆ_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಎಚ್ ಕ್ರಾಸ್ ಕಡೆ ಹಳ್ಳಿ. ಎರಡೆಕರೆ ಹಿಪ್ಪುನೇರಳೆ ಸೊಪ್ಪಿನ ತೋಟ, ಒಂದು ಹುಳು ಮನೆ. ವಯಸ್ಸು ನಲವತ್ತರ ಹತ್ತಿರ. ಸಿಗರೇಟು ಕಾಲೇಜಿಂದ ಅಂಟಿಕೊಂಡಿದ್ದು, ಈಗ ದಿನಕ್ಕೆ ಹತ್ತರ ಪ್ಯಾಕು ಒಂದೂವರೆ ಹೋಗುತ್ತೆ. ಗೂಡು ಮಾರ್ಕೆಟ್ಟಿಗೆ ಹಾಕಿದ ದಿನ ಲೆಕ್ಕವೇ ಇಲ್ಲ. ಲಾಟಿಗೆ ಬಿಡ್ ಏರ್ತಾ ಇದ್ಯಾ ಇಲ್ವಾ ಅಂತ ನೋಡ್ಕೊಂಡು ನಿಂತಾಗ ಕೈ ತಾನಾಗೇ ಜೇಬಿಗೆ ಹೋಗುತ್ತೆ. ಬೆಳಗ್ಗೆ ಮುಖ ತೊಳೆಯೋಕೆ ಮುಂಚೆನೇ ಒಂದು ಬೇಕು.

ಈಗ ಕೇಳ್ತಿರೋದು ಯಾಕೆ ಅಂದ್ರೆ, ನಮ್ಮ ಷಡ್ಡಕ ಇಂಗ್ಲೆಂಡಲ್ಲಿ ಇದಾರೆ. ಮೊನ್ನೆ ನಾದಿನಿ ಮಗಳ ಆರತಿಗೆ ಬಂದಿದ್ರು. ಒಂದು ಕಾಲದಲ್ಲಿ ನನಗಿಂತ ಜಾಸ್ತಿ ಸೇದೋ ಮನುಷ್ಯ. ಈಗ ಸಿಗರೇಟು ಮುಟ್ಟಲ್ಲ, ಬೆರಳುದ್ದದ ಒಂದು ವೇಪ್, ಅಂದ್ರೆ ಇ-ಸಿಗರೇಟ್, ಇಟ್ಕೊಂಡಿದಾರೆ. "ಅಲ್ಲಿ ಡಾಕ್ಟ್ರುಗಳೇ ಇದನ್ನ ಸೇದು, ಅದನ್ನ ಬಿಡು ಅಂತಾರೆ. ಯಾರಾದ್ರೂ ಊರಿಗೆ ಬರೋರ ಕೈಲಿ ನಿನಗೂ ಒಂದು ಕಳಿಸ್ತೀನಿ" ಅಂದ್ರು. ನನಗೂ ಆಸೆ ಆಯ್ತು. ಸುಮ್ನೆ ಬಿಡೋಣ ಅಂತ ಕೂತಾಗೆಲ್ಲ ಎರಡನೇ ದಿನ, ಮೂರನೇ ದಿನಕ್ಕೆ ತಲೆ ಸಿಡಿಯುತ್ತೆ, ಕೂಲಿಯೋರ ಮೇಲೆ ಹಾರಾಡ್ತೀನಿ, ಮನೇಲಿ "ಅಯ್ಯೋ ಒಂದು ಸೇದ್ಬಿಟ್ಟು ಬನ್ರಿ" ಅನ್ನೋ ಮಟ್ಟಕ್ಕೆ ಹೋಗುತ್ತೆ.

ಇನ್ನೊಂದು ವಿಷಯ, ಇದು ಹುಳು ಸಾಕೋರಿಗೆ ಮಾತ್ರ ಅರ್ಥ ಆಗೋದು. ರೇಷ್ಮೆ ಹುಳಕ್ಕೆ ತಂಬಾಕು ಅಂದ್ರೆ ಆಗಲ್ಲ. ಬೀಡಿ ಸೇದಿದ ಕೈಲಿ ಸೊಪ್ಪು ಮುಟ್ಟಬಾರದು ಅಂತ ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿದೆ. ಅದಕ್ಕೇ ನಾನು ಬೋರ್‌ವೆಲ್ ಶೆಡ್ ಆಚೆ ಹೋಗಿ ಸೇದಿ, ಸೋಪು ಹಾಕಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಲುಂಗಿ ಬದಲಾಯಿಸಿ ಒಳಗೆ ಹೋಗಬೇಕು. ನಮ್ಮನೆಯೋರು ಬಾಗಿಲಲ್ಲೇ ನನ್ನ ಕೈ ಮೂಸಿ ನೋಡಿ ಬಿಡೋದು. ಹುಳ ಮೇವು ಬಿಟ್ಟು ಪೊರೆ ಕಳಚೋದಕ್ಕೆ ನಾವು ಜ್ವರ ಅಂತೀವಿ. ಎರಡನೇ ಜ್ವರ, ಮೂರನೇ ಜ್ವರದಲ್ಲಿ ಇದು ನಡೆದುಹೋಗುತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ಕೊಟ್ಟಷ್ಟೂ ಸೊಪ್ಪು ಸಾಲಲ್ಲ, ರಾತ್ರಿ ಹನ್ನೊಂದಕ್ಕೆ ಒಂದು ಸಲ, ನಸುಕಲ್ಲಿ ಒಂದು ಸಲ. ಆ ನಡುವೆ ಇಷ್ಟೆಲ್ಲ ತೊಳೆಯೋದು, ಬದಲಾಯಿಸೋದು ಯಾರಿಗೆ ಬೇಕು?

ಷಡ್ಡಕ ಹೇಳೋದು, ವೇಪಲ್ಲಿ ಹೊಗೆ ಇಲ್ಲ, ಬರೀ ಆವಿ, ಹುಳಕ್ಕೇನೂ ಆಗಲ್ಲ ಅಂತ. ನಿಜಾನಾ? ಇದ್ರಿಂದ ಸಿಗರೇಟು ನಿಜಕ್ಕೂ ಬಿಟ್ಟೋಗುತ್ತಾ, ಇಲ್ಲಾ ಒಂದು ಬಿಟ್ಟು ಇನ್ನೊಂದು ಹಿಡಿಯೋದಾ? ನಮ್ಮಲ್ಲಿ ಬ್ಯಾನ್ ಅಂತಾರೆ, ಆದ್ರೆ ಬೆಂಗಳೂರಲ್ಲಿ ಹುಡುಗರ ಕೈಲೆಲ್ಲ ಕಾಣುತ್ತೆ. ಗೊತ್ತಿರೋರು ಹೇಳಿ. ಸಿಗರೇಟು ಕೆಟ್ಟದ್ದು ಅಂತ ಬುದ್ಧಿ ಹೇಳೋರು ದಯವಿಟ್ಟು ಬೇಡ, ಪ್ಯಾಕಿನ ಮೇಲಿನ ಫೋಟೋ ದಿನಾ ನೋಡ್ತೀನಿ.

ಕೋಲಾರದ_ಗಟ್ಟಿಗ

ಅಣ್ಣಾ, ವೇಪೂ ಬೇಡ ಗೀಪೂ ಬೇಡ. ಮನಸ್ಸು ಗಟ್ಟಿ ಇರಬೇಕು ಅಷ್ಟೇ. ನಮ್ಮ ಮಾವ ಒಂದೇ ದಿನದಲ್ಲಿ ಬಿಟ್ರು, ಧರ್ಮಸ್ಥಳಕ್ಕೆ ಹೋಗಿ ಬಂದು.

ಔಷಧಿ_ಅಂಗಡಿ_ಚಿಂತಾಮಣಿ

ಮಾವನವರಿಗೆ ನಮಸ್ಕಾರ. ಆದರೆ ಎದ್ದ ತಕ್ಷಣ ಸಿಗರೇಟು ಬೇಕು ಅನ್ನೋರಿಗೆ "ಮನಸ್ಸು ಮಾಡು" ಅಂದರೆ ಸಾಕಾಗಲ್ಲ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಾರಾ ಅನ್ನೋದನ್ನೇ ನಾವು ಮೊದಲು ಕೇಳೋದು. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತೆ. ರಾತ್ರಿ ಪೂರ್ತಿ ಮಲಗಿ ಎದ್ದಾಗ ಖಾಲಿ, ಅದಕ್ಕೇ ಬೆಳಗ್ಗೆ ಆ ಪರಿ ಎಳೆತ. ಬಿಟ್ಟ ಎರಡನೇ ಮೂರನೇ ದಿನ ಹಿಂಸೆ ತುತ್ತತುದಿಗೆ ಹೋಗುತ್ತೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ಅಂದರೆ ನೀವು ಪ್ರತಿ ಸಲ ಅತಿ ಕಷ್ಟದ ದಿನ ನೋಡಿ ವಾಪಸ್ ಬರ್ತಿದ್ದೀರಿ. ಅದು ನಿಮ್ಮ ಮನಸ್ಸು ಮೆತ್ತಗೆ ಅಂತ ಅಲ್ಲ.

ಮೊದಲು ಕಾನೂನು ಹೇಳಿಬಿಡ್ತೀನಿ. ಕರ್ನಾಟಕದಲ್ಲಿ ಇ-ಸಿಗರೇಟ್ ಮಾರಾಟಕ್ಕೆ 2016ರಲ್ಲೇ ನಿಷೇಧ ಬಂತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆ ಮಾಡಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲ ನಿಷಿದ್ಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ದಾಸ್ತಾನಿಗೆ ಆರು ತಿಂಗಳು, 50 ಸಾವಿರದವರೆಗೆ. ಷಡ್ಡಕ ಪ್ರೀತಿಯಿಂದಲೇ ಕಳಿಸಿದರೂ ಅದು ಆಮದೇ. ತರೋ ಪುಣ್ಯಾತ್ಮನನ್ನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಸಬೇಡಿ.

ಬೆಂಗಳೂರಿನ ಹುಡುಗರ ಕೈಲಿ ಕಾಣೋದು ಕದ್ದು ಬಂದ ಮಾಲು. ಅದರ ಮೇಲೆ 5% ಅಂತ ಬರೆದಿರುತ್ತೆ, ಅಂದರೆ ಒಂದು ಮಿಲಿಗೆ 50 ಮಿಲಿಗ್ರಾಂ ನಿಕೋಟಿನ್. ಬರೆದದ್ದೇ ಒಳಗಿದೆಯಾ ಅಂತ ಪರೀಕ್ಷೆ ಮಾಡೋರು ಯಾರೂ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿ ಶ್ವಾಸಕೋಶ ಹಾಳಾಗಿ ಸಾವಿರಾರು ಜನ ಆಸ್ಪತ್ರೆ ಸೇರಿದರು, 2020ರ ಫೆಬ್ರವರಿ ಹೊತ್ತಿಗೆ 68 ಜನ ತೀರಿಕೊಂಡಿದ್ದರು.

ನಮ್ಮಲ್ಲಿ ನ್ಯಾಯವಾಗಿ ಸಿಗೋದು ನಿಕೋಟಿನ್ ಗಮ್, ಚೀಪೋ ಮಾತ್ರೆ, ಚರ್ಮಕ್ಕೆ ಅಂಟಿಸೋ ಪ್ಯಾಚ್. 2 ಮಿಲಿಗ್ರಾಂ ಗಮ್ ಚೀಟಿ ಇಲ್ಲದೆ ಕೊಡ್ತೀವಿ. ನಿಮ್ಮಂಥೋರಿಗೆ ಶುರುವಿಗೆ 4 ಬೇಕಾಗಬಹುದು, ಅದಕ್ಕೆ ಡಾಕ್ಟರ್ ಹತ್ತಿರ ಹೋಗಿ ಚೀಟಿ ಬರೆಸಿ. ಇದನ್ನ ಬಬಲ್ ಗಮ್ ಥರ ಜಗೀತಾರೆ, ಅಲ್ಲೇ ಎಡವಟ್ಟು. ನಿಧಾನಕ್ಕೆ ಜಗಿಯಬೇಕು. ನಾಲಿಗೆಗೆ ಮೆಣಸಿನ ಥರ ಚುರುಕ್ ಅಂದ ತಕ್ಷಣ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಹೋದ ಮೇಲೆ ಮತ್ತೆ ಒಂದೆರಡು ಸಲ ಜಗಿದು, ಈ ಸಲ ಇನ್ನೊಂದು ಕಡೆ ಇಡಿ. ಅರ್ಧ ಗಂಟೆ ಹೀಗೇ. ಔಷಧಿ ಇಳಿಯೋದು ಬಾಯಿಯ ಒಳಪದರದ ಮೂಲಕ. ಗಬಗಬ ಜಗಿದರೆ ನಿಕೋಟಿನ್ ಎಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ. "ನಿಮ್ಮ ಗಮ್ ಸರಿ ಇಲ್ಲ" ಅಂತ ವಾಪಸ್ ತರೋರು ಬಹುಪಾಲು ಇದೇ ಕೇಸು. ಕಾಫಿ, ಜ್ಯೂಸು, ಸೋಡಾ ಕುಡಿದು ಹದಿನೈದು ನಿಮಿಷ ಗಮ್ ಹಾಕಬೇಡಿ, ಬಾಯಿ ಹುಳಿಯಿದ್ದರೆ ಅದು ಇಳಿಯಲ್ಲ.

ಇನ್ನೊಂದು ತಪ್ಪು ಜಿಪುಣತನ. ದಿನಕ್ಕೆ ಎರಡು ಹಾಕಿಕೊಂಡು "ಕೆಲಸ ಮಾಡಲಿಲ್ಲ" ಅಂತಾರೆ. ಮೊದಲ ಆರು ವಾರ ಎರಡು ಗಂಟೆಗೆ ಒಂದಾದರೂ ಬೇಕು, ಆಮೇಲೆ ಅಂತರ ಹೆಚ್ಚಿಸಿಕೊಂಡು ಹೋಗಿ ಮೂರು ತಿಂಗಳಿಗೆ ಮುಗಿಸೋದು. ಪ್ಯಾಚ್ ಜೊತೆ ಗಮ್ ಸೇರಿಸಿದರೆ ಒಂದನ್ನೇ ಹಾಕೋದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ. ವೆರೆನಿಕ್ಲಿನ್, ಬುಪ್ರೋಪಿಯಾನ್ ಅನ್ನೋ ಮಾತ್ರೆಗಳೂ ಇವೆ, ಅವು ಡಾಕ್ಟರ್ ಬರೆದರೆ ಮಾತ್ರ. ಮೂರ್ಛೆ ರೋಗ ಇರೋರಿಗೆ ಬುಪ್ರೋಪಿಯಾನ್ ಆಗಲ್ಲ.

ದಿನಾ ನೋಡ್ತೀನಿ ಅಂದ ಆ ಫೋಟೋ ಜೊತೆಗೆ 1800-11-2356 ಅಂತ ಒಂದು ನಂಬರ್ ಇದೆ, ಅದನ್ನ ಯಾರೂ ನೋಡಲ್ಲ. ಕಾಸಿಲ್ಲದ ಕರೆ. ಕನ್ನಡದಲ್ಲೇ ಮಾತಾಡ್ತಾರೆ, ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ.

ಗೌರಿಬಿದನೂರು_ಬರ್ಮಿಂಗ್‌ಹ್ಯಾಮ್

ನಾನು ಇಲ್ಲಿ ನರ್ಸ್. ನಿಮ್ಮ ಷಡ್ಡಕ ಸುಳ್ಳು ಹೇಳಿಲ್ಲ, ಆದರೆ ಪೂರ್ತಿ ಹೇಳಿಲ್ಲ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಸಿಗರೇಟು ಸೇದೋ ದೊಡ್ಡೋರಿಗೆ ವೇಪ್ ಒಂದು ದಾರಿ ಅಂತ ಹೇಳೋದು ನಿಜ. ಸಿಗರೇಟು ಬಿಟ್ಟು ವೇಪ್ ಹಿಡಿಯಿರಿ ಅಂತ 2023ರಲ್ಲಿ ಇಂಗ್ಲೆಂಡಿನಲ್ಲಿ ಯೋಜನೆಯನ್ನೇ ಶುರು ಮಾಡಿದ್ರು. ಅದಕ್ಕೆ ಆಧಾರಾನೂ ಇದೆ. 2019ರಲ್ಲಿ ಇಲ್ಲೇ ಸುಮಾರು ಒಂಬೈನೂರು ಜನರ ಮೇಲೆ ಒಂದು ಪ್ರಯೋಗ ಆಯ್ತು. ವರ್ಷದ ಮೇಲೆ ನೋಡಿದಾಗ, ವೇಪ್ ಕೊಟ್ಟ ಗುಂಪಲ್ಲಿ ಸಿಗರೇಟು ಬಿಟ್ಟಿದ್ದೋರು 18%, ಗಮ್ಮು ಪ್ಯಾಚು ಕೊಟ್ಟ ಗುಂಪಲ್ಲಿ 9.9%. ಹೆಚ್ಚುಕಮ್ಮಿ ಎರಡರಷ್ಟು. ಆದ್ರೆ ವೇಪಿಂದ ಬಿಟ್ಟೋರಲ್ಲಿ 80% ಜನ ವರ್ಷದ ಮೇಲೂ ವೇಪ್ ಸೇದ್ತಾನೇ ಇದ್ರು. ಗಮ್ಮು ಪ್ಯಾಚಿಂದ ಬಿಟ್ಟೋರಲ್ಲಿ ಅವನ್ನೇ ಮುಂದುವರಿಸಿದೋರು ಬರೀ 9%. ನಿಮ್ಮ "ಒಂದು ಬಿಟ್ಟು ಇನ್ನೊಂದು ಹಿಡಿಯೋದಾ" ಅನ್ನೋ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಹಾಗಂತ ಅದು ದಂಡ ಅಂತ ನಾನು ಅನ್ನಲ್ಲ. ಸಿಗರೇಟಲ್ಲಿ ಕೊಲ್ಲೋದು ಮುಖ್ಯವಾಗಿ ಸುಟ್ಟ ಹೊಗೆ, ಟಾರು, ಕಾರ್ಬನ್ ಮಾನಾಕ್ಸೈಡು. ಚಟ ಹಿಡಿಸೋದು ನಿಕೋಟಿನ್. ವೇಪಲ್ಲಿ ಏನೂ ಸುಡಲ್ಲ, ಅದಕ್ಕೇ ಅಪಾಯ ಕಮ್ಮಿ. ಕಮ್ಮಿ ಅಂತ ಹೇಳಿದ್ದು, ಇಲ್ಲವೇ ಇಲ್ಲ ಅಂತ ಅಲ್ಲ. ಚಿಂತಾಮಣಿ ಸಾರ್ ಹೇಳಿದ ಅಮೆರಿಕದ ಸಾವುಗಳ ಬಗ್ಗೆ ಒಂದು ತಿದ್ದುಪಡಿ: ಅದರಲ್ಲಿ ಬಹುಪಾಲು ಗಾಂಜಾ ಎಣ್ಣೆಯ ವೇಪು, ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನೋ ವಸ್ತು ಕಾರಣ. ಇಲ್ಲಿ ಅಂಗಡೀಲಿ ಸಿಗೋ ವೇಪಿಗೂ ಅದಕ್ಕೂ ಸಂಬಂಧ ಇಲ್ಲ.

ಆದ್ರೆ ವ್ಯತ್ಯಾಸ ಇರೋದೇ ಆ "ಇಲ್ಲಿ"ಯಲ್ಲಿ. ಇಲ್ಲಿ ಮಿಲಿಗೆ 20 ಮಿಲಿಗ್ರಾಂ ಮೀರೋ ಹಾಗಿಲ್ಲ, ಟ್ಯಾಂಕು 2 ಮಿಲಿ ಮೀರೋ ಹಾಗಿಲ್ಲ. ಶಾಲೆ ಮಕ್ಕಳು ಹಿಡಿದ್ರು ಅಂತ, ಸೇದಿ ಬಿಸಾಡೋ ವೇಪನ್ನ 2025ರ ಜೂನ್ 1ರಿಂದ ಇಲ್ಲೂ ನಿಲ್ಲಿಸಿದ್ರು. ವಿಶ್ವ ಆರೋಗ್ಯ ಸಂಸ್ಥೆ ವೇಪನ್ನ ಬಿಡಿಸೋ ಸಾಧನ ಅಂತ ಒಪ್ಪಿಲ್ಲ. ಶಿಡ್ಲಘಟ್ಟದಲ್ಲಿ ಕೂತು ಕದ್ದ ಮಾಲು ಸೇದೋದಾದ್ರೆ, ಇಲ್ಲಿಯ ಅಂಕಿ ನಿಮಗೆ ಲಾಗೂ ಆಗಲ್ಲ. ನನ್ನ ಅಣ್ಣನೇ ಊರಿಂದ ಕೇಳಿದ್ರೂ ನಾನು ಕಳಿಸಲ್ಲ, ಪ್ಯಾಚು ಹಾಕ್ಕೋ ಅಂತೀನಿ.

ಬೆಳಗ್ಗೆ_ಟ್ರೈನು

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ದಿನಾ ಓಡಾಡೋ ಐಟಿ ಕೂಲಿ ನಾನು. ಆಫೀಸಲ್ಲಿ ಒಬ್ಬ ತರಿಸಿಕೊಟ್ಟ, ವೇಪ್ ಶುರು ಮಾಡ್ದೆ. ಮಾವಿನಹಣ್ಣು ಫ್ಲೇವರು, ನಗಬೇಡಿ.

ಯಾರೂ ಹೇಳದ ಒಂದು ಮಾತು ಹೇಳ್ತೀನಿ. ಸಿಗರೇಟಿಗೆ ಒಂದು ಕೊನೆ ಇದೆ, ಫಿಲ್ಟರ್ ಬಂತು, ಬಿಸಾಕಿದೆ, ಮುಗೀತು. ವೇಪಿಗೆ ಕೊನೇನೇ ಇಲ್ಲ. ಮೀಟಿಂಗ್ ನಡುವೆ ಒಂದು, ಬಾತ್‌ರೂಮಲ್ಲಿ ಒಂದು, ರಾತ್ರಿ ಮಗ್ಗುಲು ಬದಲಾಯಿಸುವಾಗ ಒಂದು. ವಾಸನೆ ಇಲ್ಲ, ಹಾಗಾಗಿ ತಡೆಯೋರೂ ಇಲ್ಲ. ಚಾರ್ಜ್ ಮುಗಿದ್ರೆ ಕೆಳಗಿಳಿದು ಸಿಗರೇಟು. ಶುಕ್ರವಾರ ಪಾರ್ಟಿ ಇದ್ರೆ ಎರಡೂ. ಅಲ್ಲಿಗೆ ಎರಡು ಚಟ, ಎರಡು ಖರ್ಚು. ಆಮೇಲೆ ಜಿಲ್ಲಾ ಆಸ್ಪತ್ರೆ ತಂಬಾಕು ವ್ಯಸನಮುಕ್ತಿ ಕೇಂದ್ರಕ್ಕೆ ಹೋಗಿ ಪ್ಯಾಚು ಹಿಡಿದು ಬಿಟ್ಟೆ. ಅಲ್ಲಿ ಕೌನ್ಸೆಲರ್ ಬುದ್ಧಿ ಹೇಳಲೇ ಇಲ್ಲ, ಯಾವ್ಯಾವ ಹೊತ್ತಲ್ಲಿ ಸೇದ್ತೀರ ಅಂತ ಬರೆಸ್ಕೊಂಡ್ರು ಅಷ್ಟೇ. ನನ್ನ ಪಟ್ಟಿ ನೋಡಿ ನನಗೇ ನಾಚಿಕೆ ಆಯ್ತು.

ನಿಮ್ಮ ಕಥೇಲಿ ಒಂದು ಒಳ್ಳೇದಿದೆ ಅಣ್ಣ. ನಿಮ್ಮನ್ನ ಬಾಗಿಲಲ್ಲಿ ನಿಲ್ಲಿಸಿ ಮೂಸೋರಿದಾರೆ. ವೇಪ್ ಆದ್ರೆ ಅತ್ತಿಗೆಗೆ ವಾಸನೇನೇ ಸಿಗಲ್ಲ, ನೀವು ಹುಳು ಮನೆ ಒಳಗೇ ಶುರು ಮಾಡ್ಕೋತೀರ.

ಹುಳುಮನೆ_ಶಿಡ್ಲಘಟ್ಟ

ಎಲ್ಲರಿಗೂ ಥ್ಯಾಂಕ್ಸ್. ಟ್ರೈನು ಬ್ರದರ್ ಹೇಳಿದ್ದು ಓದಿ ನಕ್ಕೆ, ಯಾಕಂದ್ರೆ ನನ್ನ ಮನಸ್ಸಲ್ಲಿ ಇದ್ದದ್ದೇ ಅದು. ಒಳಗೇ ಕೂತು ಎಳೀಬಹುದಲ್ಲ ಅಂತ. ಆದ್ರೆ ಹುಳದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಗಮ್ಮಲ್ಲೂ ನಿಕೋಟಿನ್ ಇರುತ್ತಲ್ಲ, ಬಾಯಲ್ಲಿ ಇಟ್ಕೊಂಡು ಸೊಪ್ಪು ಕೊಟ್ರೆ ಪರವಾಗಿಲ್ವಾ?

ಹಿಪ್ಪುನೇರಳೆ_ನಿವೃತ್ತ

ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಹುಳುವಿನ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಹುಳುವಿಗೆ ವಿಷವಾಗುವುದು ಮುಖ್ಯವಾಗಿ ನಿಕೋಟಿನ್. ಹೊಗೆಯೂ ಆಗದು, ಅದು ಬೇರೆ ಮಾತು. ತಂಬಾಕು ಗಿಡವೇ ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ನಿಕೋಟಿನ್ ತಯಾರಿಸುತ್ತದೆ. ಹಿಂದೆ ತರಕಾರಿಗೆ ತಂಬಾಕಿನ ಕಷಾಯ ಹೊಡೆಯುತ್ತಿದ್ದುದು ಇದೇ ಕಾರಣಕ್ಕೆ. ಇಂದು ಟೊಮೆಟೊ, ದ್ರಾಕ್ಷಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಕೂಡ ಕೀಟದ ನರದ ಮೇಲೆ ನಿಕೋಟಿನ್ ಮಾದರಿಯಲ್ಲೇ ಕೆಲಸ ಮಾಡುತ್ತದೆ. ಪಕ್ಕದ ತೋಟದಿಂದ ಅದು ಗಾಳಿಗೆ ಬಂದು ಸೊಪ್ಪಿನ ಮೇಲೆ ಕೂತರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ತಂಬಾಕು ಬೆಳೆಯುವ ಹೊಲದ ಪಕ್ಕ ಹಿಪ್ಪುನೇರಳೆ ಹಾಕಬೇಡಿ ಎಂದು ನಾವು ಹೇಳುತ್ತಿದ್ದುದೂ ಅದಕ್ಕೆ. ನಿಕೋಟಿನ್ ತಗುಲಿದ ಹುಳು ಮೇವು ಬಿಡುತ್ತದೆ, ತಲೆ ಎತ್ತಿ ನಿಲ್ಲುತ್ತದೆ, ಎದೆಯ ಭಾಗ ಊದುತ್ತದೆ, ಬಾಯಿಂದ ಕಂದು ರಸ ಕಕ್ಕುತ್ತದೆ. ಕೆಲವರು ಇದನ್ನು ರೋಗವೆಂದು ಭಾವಿಸಿ ಸುಣ್ಣ ಹಾಕುತ್ತಾ ಕೂರುತ್ತಾರೆ.

ಆದ್ದರಿಂದ "ಬರೀ ಆವಿ" ಎಂಬ ಮಾತು ಹುಳು ಮನೆಗೆ ಸಲ್ಲದು. ಆ ಆವಿಯಲ್ಲಿ ನಿಕೋಟಿನ್ ಇದೆ, ಬಿಟ್ಟ ಉಸಿರಿನಲ್ಲೂ ಇರುತ್ತದೆ, ಮುಚ್ಚಿದ ಕೋಣೆಯಲ್ಲಿ ಸೊಪ್ಪಿನ ಮೇಲೆ ಇಳಿಯುತ್ತದೆ. ಇನ್ನು ಆ ದ್ರವ ಬೆರಳಿಗೆ ಸೋರಿದರೆ ಸಿಗರೇಟು ಹಿಡಿದ ಕೈಗಿಂತ ಕೆಟ್ಟದ್ದು. ಗಮ್ ಬಾಯೊಳಗೆ ಇರುವಷ್ಟು ಹೊತ್ತು ಹುಳುವಿಗೆ ಅದರ ಗೊಡವೆ ಇಲ್ಲ. ಆದರೆ ಜಗಿದದ್ದನ್ನು ಬೆರಳಲ್ಲಿ ತೆಗೆದು ಚಂದ್ರಿಕೆಯ (ಹುಳು ಗೂಡು ಕಟ್ಟುವ ತಟ್ಟೆಯ) ಪಕ್ಕ ಅಂಟಿಸುವ ಅಭ್ಯಾಸ ಮಾಡಬೇಡಿ. ಸೊಪ್ಪು ಕೊಡುವ ಮೊದಲು ಕೈ ತೊಳೆಯುವುದು ಹೇಗೂ ತಪ್ಪುವುದಿಲ್ಲ.

ಔಷಧಿ_ಅಂಗಡಿ_ಚಿಂತಾಮಣಿ

ಬರ್ಮಿಂಗ್‌ಹ್ಯಾಮ್ ಮೇಡಂ ತಿದ್ದುಪಡಿ ಒಪ್ಪಿದೆ. ಶಿಡ್ಲಘಟ್ಟದೋರಿಗೆ ಇನ್ನೊಂದು: ಬಿಡೋ ದಿನವನ್ನ ನಾಲ್ಕನೇ ಜ್ವರದ ವಾರಕ್ಕೆ ಇಟ್ಟುಕೊಳ್ಳಬೇಡಿ. ನಿದ್ದೆ ಇಲ್ಲದ ವಾರದಲ್ಲಿ ಯಾರ ಕೈಲೂ ಆಗಲ್ಲ. ಗೂಡು ಬಿಡಿಸಿ, ಮಾರಿ, ಮನೆ ತೊಳೆದು ಔಷಧಿ ಹೊಡೆದು ಖಾಲಿ ಬಿಡ್ತೀರಲ್ಲ, ಆಗ ಶುರು ಮಾಡಿ. ಮುಂದಿನ ಚಾಕಿ (ಮರಿ ಹುಳ) ಬರೋ ಹೊತ್ತಿಗೆ ಅತಿ ಕಷ್ಟದ ದಿನಗಳು ದಾಟಿರುತ್ತೆ.

ಹುಳುಮನೆ_ಶಿಡ್ಲಘಟ್ಟ

ಈ ಐಡಿಯಾ ಸರಿ ಹೋಯ್ತು ಸಾರ್. ಈಗ ಹುಳ ಮೂರನೇ ಜ್ವರದಲ್ಲಿ ಇದೆ. ಈ ಬೆಳೆ ಮುಗೀಲಿ. ಷಡ್ಡಕನಿಗೆ ಫೋನ್ ಮಾಡಿ ಕಳಿಸಬೇಡಿ ಅಂದೆ, "ಹಳ್ಳಿ ಬುದ್ಧಿ" ಅಂದ್ರು, ಅನ್ಲಿ. ನಮ್ಮನೆಯೋರಿಗೆ ನಿವೃತ್ತ ಸಾರ್ ಬರೆದಿದ್ದು ಓದಿ ಹೇಳ್ದೆ, ಊಟ ಬಡಿಸುವಾಗ ಇನ್ನೊಂದು ಮುದ್ದೆ ಜಾಸ್ತಿ ಹಾಕಿದ್ರು.

ಒಂದು ಅನುಮಾನ. ಮೇಲಿನ ಎರಡು ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿದೀನಿ. ಗಮ್ ಅಂಟ್ಕೊಂಡು ಕಿತ್ತು ಬರುತ್ತಾ?

ಔಷಧಿ_ಅಂಗಡಿ_ಚಿಂತಾಮಣಿ

ಬರಬಹುದು, ರಿಸ್ಕ್ ಬೇಡ. ಹಾಗಿದ್ರೆ ಚೀಪೋ ಮಾತ್ರೆ ತಗೊಳ್ಳಿ, ಜಗಿಯೋ ಹಾಗಿಲ್ಲ, ನುಂಗೋ ಹಾಗಿಲ್ಲ, ತಾನಾಗೇ ಕರಗಬೇಕು. ಜೊತೆಗೆ ಪ್ಯಾಚ್ ಬೇಕಾ, ಎಷ್ಟು ಶಕ್ತಿಯದ್ದು ಅಂತ ಡಾಕ್ಟರ್ ಹೇಳಲಿ. ಬಿಪಿ, ಹಾರ್ಟ್ ತೊಂದರೆ ಏನಾದರೂ ಇದ್ದರೆ ಅವರಿಗೆ ಮೊದಲೇ ಹೇಳಿ. ಪ್ಯಾಚ್ ದಿನಾ ಬೆಳಗ್ಗೆ ಬೇರೆ ಬೇರೆ ಜಾಗಕ್ಕೆ, ಕೂದಲಿಲ್ಲದ ಕಡೆ ಅಂಟಿಸಬೇಕು. ತೆಗೆದ ಪ್ಯಾಚಲ್ಲಿ ಇನ್ನೂ ನಿಕೋಟಿನ್ ಉಳಿದಿರುತ್ತೆ. ಅಂಟಿನ ಮುಖ ಒಳಗೆ ಬರೋ ಹಾಗೆ ಮಡಚಿ, ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಕಿ, ಕೈ ತೊಳೆಯಿರಿ. ನಿಮ್ಮ ಮನೇಲಿ ಆ ಅಭ್ಯಾಸ ಹೇಗೂ ಇದೆ.